ಆಫ್ರಿಕಾಕ್ಕಾಗಿ ಯುರೋಪಿನವರ ಪೈಪೋಟಿ ಬರ್ಲಿನ್ ಸಮ್ಮೇಳನದಿಂದಲೇ ಶುರುವಾಯ್ತಾ?

1884ರಲ್ಲಿ ಯುರೋಪಿನ ದೇಶಗಳೆಲ್ಲ ಬರ್ಲಿನ್‌ನಲ್ಲಿ ಕೂತು ಆಫ್ರಿಕಾ ಹಂಚ್ಕೊಂಡ್ರು ಅಂತಾರಲ್ಲ, ಅದಕ್ಕೆ ಮುಂಚೆ ಪೈಪೋಟಿ ಇರ್ಲಿಲ್ವಾ ಅಂತ ಕೇಳಿದೀರಿ. ಇತ್ತು, ಜೋರಾಗೇ ಇತ್ತು. ನಾನೂ ಸ್ಕೂಲಲ್ಲಿ ಬರ್ಲಿನ್ನೇ ಶುರು ಅಂತ ಓದಿದವನು, ಆಮೇಲೆ ಇದೇ ವಿಷಯ ಹಿಡ್ಕೊಂಡು ಓದ್ತಾ ಹೋದಾಗ ಗೊತ್ತಾಗಿದ್ದು ಏನಂದ್ರೆ, ಬೆಂಕಿ ಹತ್ಕೊಂಡಾದ ಮೇಲೆ ಕರೆದ ಮೀಟಿಂಗ್ ಅದು.

ಮೊದಲು ಒಂದು ವಿಷಯ. ಪೋರ್ಚುಗೀಸರು 1482ರಲ್ಲೇ ಈಗಿನ ಘಾನಾದ ಎಲ್ಮಿನಾದಲ್ಲಿ ಕೋಟೆ ಕಟ್ಟಿದ್ರು, ಡಚ್ಚರು 1637ರಲ್ಲಿ ಅದನ್ನ ಕಿತ್ಕೊಂಡ್ರು, ಅಂದ್ರೆ ಜಗಳ ಹಳೇದೇ. ಆದ್ರೆ ಅದೆಲ್ಲ ಕರಾವಳಿಯ ಜಗಳ, ಚಿನ್ನಕ್ಕೆ, ಗುಲಾಮರ ವ್ಯಾಪಾರಕ್ಕೆ. ಒಳನಾಡಿಗೆ ಹೋದವರು ಮಲೇರಿಯಾಕ್ಕೆ ಸಾಯ್ತಿದ್ರು, ಅಲ್ಲಿನ ರಾಜ್ಯಗಳೂ ಸುಮ್ನೆ ಬಿಡ್ತಿರ್ಲಿಲ್ಲ. 1854ರಲ್ಲಿ ಬೈಕಿ ಅನ್ನೋನು ಸ್ಟೀಮ್ ಹಡಗಲ್ಲಿ ನೈಜರ್ ನದಿ ಮೇಲೆ ಹೋಗಿ, ತನ್ನ ಜನಕ್ಕೆ ದಿನಾ ಮಲೇರಿಯಾ ಔಷಧಿ ಕ್ವಿನೈನ್ ಕೊಟ್ಟು, ಜ್ವರಕ್ಕೆ ಒಬ್ಬರೂ ಸಾಯದೆ ವಾಪಸ್ ಬಂದ. ಅಲ್ಲಿಗೆ ಒಳಗೆ ಹೋಗೋ ದಾರಿ ತೆರೀತು. ಆದ್ರೂ 1870ರ ಹೊತ್ತಿಗೆ ಯುರೋಪಿನವರ ಕೈಲಿದ್ದದ್ದು ಆಫ್ರಿಕಾದ ಸುಮಾರು ಹತ್ತನೇ ಒಂದು ಭಾಗ ಅಷ್ಟೇ, 1914ಕ್ಕೆ ಇಥಿಯೋಪಿಯಾ, ಲೈಬೀರಿಯಾ ಬಿಟ್ರೆ ಹೆಚ್ಚುಕಮ್ಮಿ ಎಲ್ಲಾನೂ ಹೋಗಿತ್ತು.

ಇಷ್ಟು ಬೇಗ ಹೇಗೆ? ಆಸೆ ಅಂತ ಎಲ್ಲರೂ ಹೇಳ್ತಾರೆ. ನನ್ನ ಪ್ರಕಾರ ಆಸೆಗಿಂತ ಭಯ ದೊಡ್ಡದು, ಅಂದ್ರೆ ನಾನು ಹಿಡೀದಿದ್ರೆ ಪಕ್ಕದವನು ಹಿಡೀತಾನೆ, ಹಿಡಿದು ಸುಂಕ ಹಾಕಿ ನನ್ನ ವ್ಯಾಪಾರಕ್ಕೆ ಬಾಗಿಲು ಹಾಕ್ತಾನೆ ಅನ್ನೋ ಭಯ.

ಬ್ರಿಟನ್ನಿನ ಭಯ ನಮ್ಮ ದೇಶಕ್ಕೇ ಸಂಬಂಧಪಟ್ಟಿದ್ದು. ನೆಪೋಲಿಯನ್ 1798ರಲ್ಲಿ ಈಜಿಪ್ಟಿಗೆ ಇಳಿದು, ಮಾರನೇ ವರ್ಷ ಕೈರೋದಿಂದ ಟಿಪ್ಪು ಸುಲ್ತಾನನಿಗೆ ಪತ್ರ ಬರೆದಿದ್ದ, ಅದು ಶ್ರೀರಂಗಪಟ್ಟಣ ಮುಟ್ಟೋ ಮೊದ್ಲೇ ಇಂಗ್ಲಿಷರ ಕೈಗೆ ಸಿಕ್ತು. ಇಂಡಿಯಾದ ದಾರೀಲಿ ಫ್ರಾನ್ಸ್ ಕೂತ್ರೆ ಏನಾಗುತ್ತೆ ಅನ್ನೋದು ಆವಾಗಿನಿಂದ ಅವರ ತಲೇಲಿ ಇತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲಂತೂ ಈಜಿಪ್ಟೇ ಇಂಡಿಯಾದ ಬಾಗಿಲಾಯ್ತು. ಸಾಲದಲ್ಲಿ ಮುಳುಗಿದ್ದ ಅಲ್ಲಿನ ಖದೀವ್ (ಅಂದ್ರೆ ಆಳೋನು) ಇಸ್ಮಾಯಿಲ್ 1875ರಲ್ಲಿ ತನ್ನ ಕಾಲುವೆ ಷೇರು ಮಾರಿದಾಗ ಪ್ರಧಾನಿ ಡಿಸ್ರೇಲಿ ಸುಮಾರು 40 ಲಕ್ಷ ಪೌಂಡ್ ಕೊಟ್ಟು ತಗೊಂಡ. 1881ರಲ್ಲಿ ಫ್ರಾನ್ಸ್ ಟ್ಯುನೀಷಿಯಾ ಹಿಡೀತು, 1882ರಲ್ಲಿ ಈಜಿಪ್ಟಿನ ಸೇನಾಧಿಕಾರಿ ಉರಾಬಿಯ ದಂಗೆಯನ್ನ ನೆಪ ಮಾಡ್ಕೊಂಡು ಬ್ರಿಟನ್ ಈಜಿಪ್ಟಿಗೇ ಸೈನ್ಯ ಇಳಿಸ್ತು, ಆ ಯುದ್ಧದಲ್ಲಿ ಇಂಡಿಯಾದ ಸಿಪಾಯಿಗಳೂ ಇದ್ರು. ಈಜಿಪ್ಟ್ ಕೈ ತಪ್ಪಿದ ಸಿಟ್ಟಲ್ಲಿ ಫ್ರಾನ್ಸ್ ಪಶ್ಚಿಮ ಆಫ್ರಿಕಾದ ಕಡೆ ಇನ್ನೂ ಜೋರಾಗಿ ನುಗ್ಗೋಕೆ ಶುರು ಮಾಡ್ತು.

ಇನ್ನೊಂದು ಕಡೆ ಕಾಂಗೋ ನದಿ. ಬೆಲ್ಜಿಯಂ ದೊರೆ ಎರಡನೇ ಲಿಯೋಪೋಲ್ಡ್ 1876ರಲ್ಲಿ ಬ್ರಸೆಲ್ಸ್‌ನಲ್ಲಿ ಭೂಗೋಳ ಪಂಡಿತರನ್ನ ಸೇರಿಸಿ ವಿಜ್ಞಾನ, ಗುಲಾಮಗಿರಿ ತಡೆಯೋದು ಅಂತೆಲ್ಲ ಮಾತಾಡಿ, 1879ರಲ್ಲಿ ಅನ್ವೇಷಕ ಸ್ಟಾನ್ಲೀನ ಅಲ್ಲಿಗೆ ಕಳಿಸಿದ. ಆದ್ರೆ 1880ರಲ್ಲೇ ಫ್ರೆಂಚ್ ನೌಕಾಪಡೆಯ ಬ್ರಾಝಾ ಬೇರೆ ದಾರೀಲಿ ಬಂದು, ಬಟೇಕೆ ಜನರ ರಾಜ ಮಕೋಕೋ ಹತ್ರ ಫ್ರಾನ್ಸ್ ಪರವಾದ ಒಪ್ಪಂದಕ್ಕೆ ಸಹಿ ಹಾಕಿಸ್ಕೊಂಡು, ಉತ್ತರ ದಂಡೆ ಕಾಯೋಕೆ ಮಲಾಮೀನ್ ಅನ್ನೋ ಸೆನೆಗಲ್‌ನ ಸಾರ್ಜೆಂಟನ್ನ ಬಿಟ್ಟು ಹೋಗಿದ್ದ. ಸ್ಟಾನ್ಲಿ ಬಂದು ನೋಡಿದ್ರೆ ಆಗ್ಲೇ ಫ್ರೆಂಚ್ ಬಾವುಟ ಹಾರ್ತಿತ್ತು, ಹಾಗಾಗಿ ಅವನು ದಕ್ಷಿಣ ದಂಡೇಲಿ ಠಾಣೆ ಹಾಕಿದ. ಇವತ್ತಿಗೂ ಬ್ರಾಝಾವಿಲ್, ಕಿನ್ಶಾಸಾ ಅಂತ ಎರಡು ದೇಶದ ರಾಜಧಾನಿ ಒಂದೇ ನದಿಯ ಆಕಡೆ ಈಕಡೆ ಎದುರುಬದುರಾಗಿ ಇರೋದು ಇದಕ್ಕೇ!

ಫ್ರಾನ್ಸ್ ಆ ಒಪ್ಪಂದಕ್ಕೆ 1882ರಲ್ಲಿ ಮುದ್ರೆ ಒತ್ತಿದ್ದೇ ತಡ ಎಲ್ಲರಿಗೂ ದಿಗಿಲು. ಕಾಂಗೋ ನದಿ ಸಮುದ್ರ ಸೇರೋ ಜಾಗ ಪೋರ್ಚುಗಲ್‌ದು ಅಂತ ಬ್ರಿಟನ್ 1884ರ ಫೆಬ್ರವರಿಲಿ ಒಪ್ಪಂದ ಮಾಡ್ಕೊಳ್ತು, ಫ್ರಾನ್ಸ್, ಜರ್ಮನಿ ಅದನ್ನ ಒಪ್ಪಲಿಲ್ಲ. ಅಲ್ಲೀವರೆಗೂ ವಸಾಹತು ಬೇಡ ಅಂತಿದ್ದ ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್ ಕೂಡ ಅದೇ ವರ್ಷ ಜುಲೈನಲ್ಲಿ ಟೋಗೋ, ಕ್ಯಾಮರೂನ್‌ನಲ್ಲಿ ಬಾವುಟ ನೆಡಿಸಿದ. ಕ್ಯಾಮರೂನ್‌ಗೆ ಬ್ರಿಟಿಷ್ ಸರ್ಕಾರದ ಪ್ರತಿನಿಧಿ (ಕಾನ್ಸಲ್) ಬಂದಿದ್ದು ಐದು ದಿನ ತಡವಾಗಿ, ಅಷ್ಟಕ್ಕೇ ಆ ನಾಡು ಜರ್ಮನಿ ಪಾಲಾಯ್ತು.

ಬಿಸ್ಮಾರ್ಕ್ ಜರ್ಮನಿಯೂ ಸೇರಿ 14 ದೇಶದವರನ್ನ ಬರ್ಲಿನ್‌ನಲ್ಲಿ ಸೇರಿಸಿದ್ದು ಇಷ್ಟೆಲ್ಲ ಆದ ಮೇಲೆ, 1884ರ ನವೆಂಬರ್‌ನಲ್ಲಿ. ಅಲ್ಲಿ ಇಡೀ ಆಫ್ರಿಕಾಕ್ಕೆ ಗೆರೆ ಎಳೀಲಿಲ್ಲ, ಕಾಂಗೋ, ನೈಜರ್ ನದೀಲಿ ವ್ಯಾಪಾರ ಹೇಗೆ, ಹೊಸದಾಗಿ ಕರಾವಳಿ ಹಿಡಿದವರು ಬೇರೆಯವರಿಗೆ ತಿಳಿಸ್ಬೇಕು, ಬರೀ ಬಾವುಟ ಸಾಲ್ದು ಆಡಳಿತಾನೂ ಇರ್ಬೇಕು ಅನ್ನೋ ನಿಯಮ ಮಾಡಿದ್ರು. ಗೆರೆಗಳು ಬಹುಪಾಲು ಆಮೇಲೆ ಇಬ್ಬಿಬ್ಬರು ಕೂತು ಮಾಡ್ಕೊಂಡ ಒಪ್ಪಂದದಲ್ಲಿ ಬಂದಿದ್ದು. ಆಫ್ರಿಕಾದವರು ಒಬ್ಬರೂ ಆ ಕೋಣೇಲಿ ಇರ್ಲಿಲ್ಲ. ನನಗೆ ತುಂಬಾ ಸಂಕಟ ಆಗೋದು ಲಿಯೋಪೋಲ್ಡ್ ಕಡೆಯವರು ಕಾಂಗೋದಲ್ಲಿ ಮಾಡಿಸ್ಕೊಂಡ ಒಪ್ಪಂದಗಳನ್ನ ಓದಿದಾಗ. 1884ರ ಒಂದು ಪತ್ರದಲ್ಲಿ ಮುಖಂಡರಿಗೆ ತಿಂಗಳಿಗೆ ತಲಾ ಒಂದು ತುಂಡು ಬಟ್ಟೆ ಕೊಡ್ತೀವಿ ಅಂತಿದೆ, ಅದಕ್ಕೆ ಬದಲಾಗಿ ನೆಲ, ಅಧಿಕಾರ, ಕೇಳಿದಾಗ ಕೂಲಿಗೆ ಜನ. ಆ ಜನ ಓದೋಕೆ ಬಾರದ ಭಾಷೇಲಿ ಬರೆದು ಗುರುತು ಹಾಕಿಸ್ಕೊಂಡಿದ್ದು.