ಸರಾಸರಿ 2.4 ಎಂಬಿಪಿಎಸ್ ಇದ್ದರೂ ಕಾಲ್ ಯಾಕೆ ಕಡಿಯುತ್ತದೆ?

ಬೀದರ್‌ನ ನಿಮ್ಮ ಕೋಚಿಂಗ್ ಸೆಂಟರಿನ ಇಂಟರ್ನೆಟ್ ಲೈನ್ 20 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 20 ಮೆಗಾಬಿಟ್. ನೆಟ್‌ವರ್ಕಿನಲ್ಲಿ ಓಡಾಡುವ ಡೇಟಾ ಹಿಡಿದು ತೋರಿಸುವ ವೈರ್‌ಶಾರ್ಕ್‌ನಲ್ಲಿ 10 ನಿಮಿಷ ಕ್ಯಾಪ್ಚರ್ ಮಾಡಿದ್ದೀರಿ. 3 ಲಕ್ಷ ಪ್ಯಾಕೆಟ್ (ಡೇಟಾದ ಸಣ್ಣ ತುಂಡು), ಸರಾಸರಿ ಸೈಜ್ 600 ಬೈಟ್, ಸರಾಸರಿ ವೇಗ 2.4 ಎಂಬಿಪಿಎಸ್, ಡ್ರಾಪ್ ಸೊನ್ನೆ. ಹಾಗಿದ್ದರೂ ಆನ್‌ಲೈನ್ ಕ್ಲಾಸಿನಲ್ಲಿ ಧ್ವನಿ ಕಡಿಯುತ್ತದೆ, ಕ್ಯಾಪ್ಚರೇ ತಪ್ಪಾ ಅಂತ ಕೇಳಿದ್ದೀರಿ.

ತಪ್ಪಿಲ್ಲ. 3 ಲಕ್ಷ ಸಲ 600 ಅಂದರೆ 18 ಕೋಟಿ ಬೈಟ್, ಅದನ್ನ 8ರಿಂದ (ಒಂದು ಬೈಟಿಗೆ 8 ಬಿಟ್) ಗುಣಿಸಿ 600 ಸೆಕೆಂಡಿಗೆ ಹಂಚಿದರೆ 2.4 ಎಂಬಿಪಿಎಸ್ಸೇ ಬರುತ್ತದೆ. ರೂಟರಿಗೆ ಹೋಗುವ ಪೋರ್ಟನ್ನೇ ಮಿರರ್ ಮಾಡಿದ್ದು (ಅಲ್ಲಿನ ಟ್ರಾಫಿಕ್ಕಿನ ನಕಲು ನಿಮ್ಮ ಲ್ಯಾಪ್‌ಟಾಪಿಗೂ ಬರುವಂತೆ ಮಾಡಿದ್ದು) ಕೂಡ ಒಳ್ಳೆಯದಾಯಿತು, ಇಲ್ಲದಿದ್ದರೆ ಹೆಚ್ಚುಕಡಿಮೆ ನಿಮ್ಮ ಲ್ಯಾಪ್‌ಟಾಪಿನ ಟ್ರಾಫಿಕ್ ಮಾತ್ರ ಕಾಣುತ್ತಿತ್ತು.

ಈಗ ಇನ್ನೊಂದು ಲೆಕ್ಕ ಹಾಕಿ. ಅದೇ 18 ಕೋಟಿ ಬೈಟ್ ಒಂದೇ ದಿಕ್ಕಿನಲ್ಲಿ ಪೂರ್ತಿ 20 ಎಂಬಿಪಿಎಸ್‌ನಲ್ಲಿ ಹೋದರೆ 72 ಸೆಕೆಂಡ್ ಸಾಕು. ಅಂದರೆ ನಿಮ್ಮ ಲೈನ್ 72 ಸೆಕೆಂಡ್ ಉಸಿರು ಕಟ್ಟುವಷ್ಟು ತುಂಬಿ, ಉಳಿದ 528 ಸೆಕೆಂಡ್ ಸುಮ್ನೆ ಬಿದ್ದಿದ್ದರೂ ಸರಾಸರಿ ಇದೇ 2.4! ನಮ್ಮ ಕಲಬುರಗಿಯ ಧಾನ್ಯ ಮಾರುಕಟ್ಟೆ ನೆಹರು ಗಂಜ್‌ಗೆ ವರ್ಷಕ್ಕೆ ಬರುವ ಲಾರಿಗಳನ್ನ 365ಕ್ಕೆ ಭಾಗಿಸಿದರೆ ಏನೂ ಜಾಸ್ತಿ ಅನ್ನಿಸುವುದಿಲ್ಲ, ಆದರೆ ಹೊಸ ತೊಗರಿ ಬರುವ ಸಂಕ್ರಾಂತಿ ಹೊತ್ತಿಗೆ ಅಲ್ಲಿ ಬೈಕ್ ನುಗ್ಗಿಸುವುದೂ ಕಷ್ಟ, ಅಲ್ವಾ? ಆ ಸಾಲೇ ನಿಮ್ಮ ರೂಟರಿನಲ್ಲೂ ನಿಲ್ಲುತ್ತಿರಬಹುದು. ದೊಡ್ಡ ಫೈಲ್ ಕಾಯುತ್ತದೆ, ಧ್ವನಿ ಕಾಯುವುದಿಲ್ಲ.

600 ಬೈಟ್ ಅನ್ನೋದನ್ನೂ ನಂಬಬೇಡಿ. ಆ ಸೈಜಿನ ಪ್ಯಾಕೆಟ್ ನಿಮ್ಮ ಫೈಲಿನಲ್ಲಿ ಬಹಳ ಕಡಿಮೆ ಇರಬಹುದು. ಡೇಟಾ ತುಂಬಿದ್ದು 1514 ಬೈಟ್, ಬರೀ ಎಸಿಕೆ (ಡೇಟಾ ತಲುಪಿತು ಅನ್ನುವ ಉತ್ತರ) 60-66 ಬೈಟ್, ಇವೆರಡರ ನಡುವೆ ಸಿಕ್ಕ ಸಂಖ್ಯೆ ಅದು. ಸ್ಟ್ಯಾಟಿಸ್ಟಿಕ್ಸ್ ಮೆನುವಿನ ಪ್ಯಾಕೆಟ್ ಲೆಂಗ್ತ್ಸ್ ತೆಗೆದರೆ ಯಾವ ಸೈಜಿನವು ಎಷ್ಟಿವೆ ಅಂತ ಕಾಣುತ್ತದೆ. 1514ಕ್ಕಿಂತ ದೊಡ್ಡವು ಕಂಡರೆ ಗಾಬರಿಯಾಗಬೇಡಿ, ಅದು ಸಾಮಾನ್ಯವಾಗಿ ನೆಟ್‌ವರ್ಕ್ ಕಾರ್ಡ್ ಅಥವಾ ಅದರ ಡ್ರೈವರ್ ಹಲವು ಪ್ಯಾಕೆಟ್ ಸೇರಿಸಿ ಒಂದಾಗಿ ಕೊಟ್ಟಿರುವುದು.

ಡ್ರಾಪ್ ಸೊನ್ನೆ ಅಂದರೆ ಕ್ಯಾಪ್ಚರ್ ಮಾಡಿದ ಲ್ಯಾಪ್‌ಟಾಪ್ ಪ್ಯಾಕೆಟ್ ಹಿಡಿಯುವುದರಲ್ಲಿ ಹಿಂದೆ ಬಿದ್ದಿಲ್ಲ ಅಂತ, ಅಷ್ಟೇ. ಲೈನಿನಲ್ಲಿ ಏನೂ ಕಳೆದಿಲ್ಲ ಅಂತಲ್ಲ. ಅದಕ್ಕೆ ಅನಲೈಸ್ ಮೆನುವಿನ ಎಕ್ಸ್‌ಪರ್ಟ್ ಇನ್ಫರ್ಮೇಶನ್‌ನಲ್ಲಿ ರೀಟ್ರಾನ್ಸ್‌ಮಿಷನ್ (ಕಳೆದ ಪ್ಯಾಕೆಟನ್ನ ಮತ್ತೆ ಕಳಿಸಿದ್ದು) ಎಷ್ಟಿದೆ, ಯಾವ ಹೊತ್ತಿಗೆ ಗುಂಪಾಗಿ ಬಂದಿದೆ ನೋಡಿ.

ನಾನು ಇಲ್ಲಿ ಒಂದು ದಾಲ್ ಮಿಲ್ಲಿನ ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಅಲ್ಲೂ ಇದೇ ದೂರು, ಸರಾಸರಿ 1 ಎಂಬಿಪಿಎಸ್ ಕೂಡ ಇರಲಿಲ್ಲ. ಎರಡು ದಿನ ಆ ಸಂಖ್ಯೆಯನ್ನೇ ನಂಬಿ ಕೇಬಲ್ ಬದಲಿಸುತ್ತಾ ಕೂತಿದ್ದೆ. ಆಮೇಲೆ ವೈರ್‌ಶಾರ್ಕ್‌ನ ಐ/ಓ ಗ್ರಾಫ್ಸ್ (ಯಾವ ಹೊತ್ತಿಗೆ ಎಷ್ಟು ಟ್ರಾಫಿಕ್ ಅಂತ ತೋರಿಸುವ ಗ್ರಾಫ್) ತೆಗೆದು ಇಂಟರ್ವಲ್ಲನ್ನ 1 ಸೆಕೆಂಡಿನಿಂದ 100 ಮಿಲಿಸೆಕೆಂಡಿಗೆ ಇಳಿಸಿದೆ. ಅರ್ಧ ಗಂಟೆಗೊಂದು ಕಂಬ ಎದ್ದು ನಿಂತಿತ್ತು, ಲೈನಿನ ಮಿತಿಗೆ ಸರಿಯಾಗಿ ಮುಟ್ಟಿಕೊಂಡು. ಕಂಬದ ಮೇಲೆ ಕ್ಲಿಕ್ ಮಾಡಿ ಆ ಪ್ಯಾಕೆಟ್‌ಗೆ ಹೋದೆ, ಯಾರ ಯಾರ ನಡುವೆ ಎಷ್ಟು ಡೇಟಾ ಹೋಯಿತು ಅಂತ ತೋರಿಸುವ ಕಾನ್ವರ್ಸೇಶನ್ಸ್‌ನ ಬೈಟ್ಸ್ ಕಾಲಮ್ಮಿನಲ್ಲೂ ಮೇಲೆ ಕೂತಿದ್ದು ಅದೇ ಕಂಪ್ಯೂಟರ್. ಬಿಲ್ಲಿಂಗ್ ಮಷಿನ್, ಅದರ ಆಟೋ ಬ್ಯಾಕಪ್. ಬ್ಯಾಕಪ್ ಹೊತ್ತನ್ನ ರಾತ್ರಿ 11ಕ್ಕೆ ಬದಲಿಸಿದೆವು, ಮರುದಿನದಿಂದ ಫೋನ್ ಕಾಲ್ ಸ್ಪಷ್ಟ.

ನೀವೂ ಕ್ಲಾಸ್ ನಡೆಯುವಾಗಲೇ ಇನ್ನೊಂದು ಕ್ಯಾಪ್ಚರ್ ಮಾಡಿ. 100 ಮಿಲಿಸೆಕೆಂಡ್ ಗ್ರಾಫ್‌ನಲ್ಲಿ ಒಂದೊಂದು ದಿಕ್ಕಿಗೆ ಬೇರೆ ಬೇರೆ ಗೆರೆ ಹಾಕಿ. ಒಂದು ದಿಕ್ಕಿನ ಗೆರೆ ಎರಡೂವರೆ ಲಕ್ಷ ಬೈಟ್ ಮುಟ್ಟಿ ನಿಲ್ಲುತ್ತಿದ್ದರೆ ನಿಮ್ಮ 20 ಎಂಬಿಪಿಎಸ್ ತುಂಬಿತು ಅಂತ ಅರ್ಥ. ಜೊತೆಗೇ ಹೊರಗಿನ ಯಾವುದಾದರೂ ಸರ್ವರಿಗೆ ಪಿಂಗ್ (ಉತ್ತರ ಬರಲು ಎಷ್ಟು ಹೊತ್ತು ಅಂತ ಅಳೆಯುವುದು) ಓಡಿಸಿಟ್ಟಿರಿ. ಗೆರೆ ಮೇಲೇರಿದಾಗಲೇ ಪಿಂಗ್ ಸಮಯವೂ ಏರಿದರೆ ಸಾಲು ನಿಂತಿರುವುದು ಖಾತ್ರಿ. ಗೆರೆ ಕೆಳಗಿದ್ದಾಗಲೂ ಧ್ವನಿ ಕಡಿದರೆ ವೈಫೈ ಬಿಟ್ಟು ಕೇಬಲ್ ಹಾಕಿ ನೋಡಿ. ಗ್ರಾಫ್ ಮತ್ತು ಕಾನ್ವರ್ಸೇಶನ್ಸ್‌ನ ಮೊದಲ ಮೂರು ಸಾಲು ಇಲ್ಲಿ ಹಾಕಿ, ಐಪಿ ವಿಳಾಸ ಮಾತ್ರ ಮುಚ್ಚಿ. ನೋಡಿ ಹೇಳುತ್ತೇನೆ.