ಮಗನ ಇಯರ್‌ಬಡ್ಸ್ ನನ್ನ ಫೋನಿಗೆ ಏಕೆ ಸೇರುತ್ತಿಲ್ಲ?

ಪ್ರಶ್ನೆ: ಮಗ ಬಳಸುತ್ತಿದ್ದ ಬ್ಲೂಟೂತ್ ಇಯರ್‌ಬಡ್ಸ್ ಈಗ ನನ್ನ ಬಳಿ ಇದೆ. ನನ್ನ ಆಂಡ್ರಾಯ್ಡ್ ಫೋನಿನಲ್ಲಿ ಎಷ್ಟು ಹುಡುಕಿದರೂ ಅದರ ಹೆಸರೇ ಕಾಣಿಸುವುದಿಲ್ಲ. ಅದು ಕೆಟ್ಟುಹೋಗಿದೆಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕೆಟ್ಟಿರುವ ಸಾಧ್ಯತೆ ಕಡಿಮೆ, ದಯವಿಟ್ಟು ಹೊಸದನ್ನು ಕೊಳ್ಳಲು ಅವಸರಪಡಬೇಡಿ. ಬ್ಲೂಟೂತ್ ಸಾಧನವು ಮೊದಲ ಜೋಡಣೆಯ ವೇಳೆ ಫೋನಿನೊಂದಿಗೆ ಗುಪ್ತ ಕೀಲಿಯೊಂದನ್ನು ಏರ್ಪಡಿಸಿಕೊಂಡು ಅದನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ. ಹೀಗಾಗಿ ಪೆಟ್ಟಿಗೆಯ ಮುಚ್ಚಳ ತೆರೆದೊಡನೆ ಇಯರ್‌ಬಡ್ಸ್ ಹಳೆಯ ಫೋನನ್ನೇ ಅರಸುತ್ತದೆ. ಆ ಫೋನು ಪಕ್ಕದ ಕೋಣೆಯಲ್ಲಿದ್ದರೆ ಸದ್ದಿಲ್ಲದೆ ಅದಕ್ಕೇ ಸೇರಿಕೊಂಡು, ನಿಮ್ಮ ಪಟ್ಟಿಯಲ್ಲಿ ಕಾಣಿಸಿಕೊಳ್ಳದೆ ಹೋಗುತ್ತದೆ.

ಮೊದಲು ಮಗನ ಫೋನಿನ ಬ್ಲೂಟೂತ್ ಆಫ್ ಮಾಡಿಸಿ. ಬಳಿಕ ಇಯರ್‌ಬಡ್ಸನ್ನು ಪೆಟ್ಟಿಗೆಯಲ್ಲಿಟ್ಟು, ಮುಚ್ಚಳ ತೆರೆದು, ಪೆಟ್ಟಿಗೆಯ ಮೇಲಿನ ಗುಂಡಿಯನ್ನು ದೀಪ ಮಿನುಗತೊಡಗುವವರೆಗೆ ಒತ್ತಿ ಹಿಡಿಯಿರಿ. ಗುಂಡಿಯಿಲ್ಲದ ಮಾದರಿಯಾದರೆ ಕೈಪಿಡಿಯನ್ನು ನೋಡುವುದೇ ಸರಿ. ದೀಪ ಮಿನುಗುತ್ತಿರುವಾಗಲೇ ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹೊಸ ಸಾಧನ ಜೋಡಿಸುವ ಆಯ್ಕೆಯನ್ನು ಒತ್ತಿದರೆ ಹೆಸರು ಕಾಣಿಸುತ್ತದೆ. ಹಲವರು ಈ ಮಿನುಗುವಿಕೆಗೆ ಕಾಯದೆಯೇ ಹುಡುಕಲು ತೊಡಗುತ್ತಾರೆ, ತೊಡಕು ಬಹುಪಾಲು ಅಲ್ಲೇ ಇರುತ್ತದೆ.

ಜೋಡಣೆಯಾದ ಮೇಲೆ ಧ್ವನಿ ಕಡಿದು ಕಡಿದು ಬಂದರೆ, ಮೈಕ್ರೋವೇವ್ ಒಲೆಯಿಂದ ದೂರ ಸರಿದು ನೋಡಿ, ಎರಡೂ 2.4 ಗಿಗಾಹರ್ಟ್ಸ್ ಆಸುಪಾಸಿನ ತರಂಗಗಳನ್ನೇ ಬಳಸುತ್ತವೆ.