ಹಳೆಯ ಬುಲೆಟ್‌ಗೆ ಪ್ರೈಮರಿ ಚೈನ್ ಸಾಕಾ, ಬೆಲ್ಟ್ ಹಾಕಿಸಬೇಕಾ?

ವಿಜಯಪುರದಲ್ಲಿ ಓಡಿಸುವ ಹಳೆಯ ಕಾಸ್ಟ್ ಐರನ್ (ಬೀಡು ಕಬ್ಬಿಣದ) ಎಂಜಿನ್ನಿನ ಬುಲೆಟ್ 350ಕ್ಕೆ ಪ್ರೈಮರಿ ಚೈನ್ ಬದಲು ಬೆಲ್ಟ್ ಹಾಕಿಸಲೇ ಅಂತ ಕೇಳಿದ್ದೀರಿ. ಚೈನೇ ಇರಲಿ ಅನ್ನುತ್ತೇನೆ.

ಇದು ಹಿಂದಿನ ಚಕ್ರದ ಚೈನ್ ಅಲ್ಲ. ಎಡಗಡೆ ಮುಚ್ಚಳದೊಳಗೆ ಆಯಿಲ್‌ನಲ್ಲಿ ಓಡುತ್ತಾ ಎಂಜಿನ್‌ನಿಂದ ಕ್ಲಚ್ ತಿರುಗಿಸುವ ಚೈನ್.

ಬೆಲ್ಟ್ ಹಗುರ, ಮುಚ್ಚಳದಿಂದ ಆಯಿಲ್ ಸೋರುವ ಕಾಟವೂ ಇಲ್ಲ, ನಿಜ. ಆದರೆ ಅದು ಒಣಗೇ ಓಡಬೇಕು. ಎಂಜಿನ್ ಆಯಿಲ್ ಈ ಮುಚ್ಚಳದೊಳಗೆ ಬರದಂತೆ ತಡೆಯುವ ಕ್ರ್ಯಾಂಕ್ ಸೀಲ್ ಹಳೆಯದಾಗಿ ಆಯಿಲ್ ಒಳಗೆ ಬಂತೋ, ಬೆಲ್ಟೂ ಹಾಳು, ಕ್ಲಚ್ಚೂ ಜಾರುತ್ತದೆ. ಇನ್ನು ಬಿಸಿ. ಆಯಿಲ್ ಇಲ್ಲದ ಮೇಲೆ ಕ್ಲಚ್ ತಣ್ಣಗಾಗಲು ಗಾಳಿ ಬೇಕು. ಅದಕ್ಕೇ ಮುಚ್ಚಳಕ್ಕೆ ತೂತು ಕೊರೆಯುತ್ತಾರೆ. ನಮ್ಮೂರಲ್ಲಿ ಆ ತೂತಿನಿಂದ ಗಾಳಿಗಿಂತ ಧೂಳೇ ಜಾಸ್ತಿ ಹೋಗುತ್ತದೆ, ಅಲ್ವಾ? ಏಪ್ರಿಲ್ ಬಿಸಿಲಲ್ಲಿ ಗಾಂಧಿ ಚೌಕದ ಟ್ರಾಫಿಕ್ ದಾಟುವಾಗ ಬೆಲ್ಟ್ ಸುತ್ತುವ ಪುಲಿ (ಗಾಲಿ) ಬಿಸಿಗೆ ಹಿಗ್ಗಿ ಬೆಲ್ಟ್ ಬಿಗಿಯಾಗುತ್ತದೆ. ತಣ್ಣಗಿದ್ದಾಗ ಸ್ವಲ್ಪ ಸಡಿಲ ಬಿಟ್ಟಿರದಿದ್ದರೆ ಬೇರಿಂಗ್‌ಗೆ ಪೆಟ್ಟು.

ಚೈನ್‌ಗೆ ಬೇಕಾದ್ದು ಸರಿಯಾದ ಆಯಿಲ್ ಮಟ್ಟ, ಸರಿಯಾದ ಟೆನ್ಷನ್. ಚೈನ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಎಂಜಿನ್ ಸ್ಟಾರ್ಟ್ ಮಾಡದೆ ನಿಧಾನ ತಿರುಗಿಸುತ್ತಾ ನಾಲ್ಕೈದು ಕಡೆ ಒತ್ತಿ ನೋಡಿ. ತೀರಾ ಬಿಗಿ ಇರುವ ಜಾಗದಲ್ಲಿ ಚೈನ್ ಮೇಲೆ ಕೆಳಗೆ ಸುಮಾರು 6 ಮಿ.ಮೀ. ಆಡುವಂತಿರಲಿ. ಬಹಳ ಜನ ಒಂದೇ ಕಡೆ ನೋಡಿ ಸುಮ್ನೆ ಬಿಗಿ ಮಾಡಿಬಿಡುತ್ತಾರೆ, ಚೈನ್ ಕೆಡುವುದು ಅಲ್ಲೇ.

ಅಷ್ಟಾಗಿಯೂ ಬೆಲ್ಟೇ ಬೇಕೆಂದರೆ ಮೊದಲು ಸೀಲ್ ಹೊಸದು ಹಾಕಿಸಿ, ಆಯಿಲ್ ಇಲ್ಲದೆ ಓಡುವ ಕ್ಲಚ್ ಪ್ಲೇಟ್ ತನ್ನಿ, ಎರಡೂ ಪುಲಿ ಒಂದೇ ನೇರಕ್ಕಿವೆಯಾ ನೋಡಿ. ತೆಗೆದ ಚೈನ್, ಸ್ಪ್ರಾಕೆಟ್, ಮುಚ್ಚಳ ಮಾತ್ರ ಗುಜರಿಗೆ ಹಾಕಬೇಡಿ.